ಪದ ಬೇಕು, ತುರ್ತು: ಕಾರ್ಖಾನೆ ಫಲಕಕ್ಕೆ ‘ಫೋರ್ಸ್ಡ್ ಲೇಬರ್’

ಪುಣೆಯಿಂದ, ಕೇಳಿಕೆ:

ಚಾಕಣದ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಗೆ ಸೂಚನಾ ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಕೊಡಬೇಕು. ಇವರ ಮಾಲು ಕೊಳ್ಳುವವರು ಜರ್ಮನಿಯವರು. 2023ರ ಜನವರಿಯಿಂದ ಅಲ್ಲಿ ಜಾರಿಗೆ ಬಂದ ಕಾಯ್ದೆಯಂತೆ ದೊಡ್ಡ ಕಂಪನಿಗಳು ತಮಗೆ ಮಾಲು ಒದಗಿಸುವವರಲ್ಲಿ ಫೋರ್ಸ್ಡ್ ಲೇಬರ್ ನಡೆಯುತ್ತಿದೆಯೇ ಎಂದು ನೋಡಬೇಕು, ಅಲ್ಲಿನ ಕೆಲಸಗಾರರೂ ದೂರು ಕೊಡುವುದಕ್ಕೆ ದಾರಿ ಮಾಡಿಡಬೇಕು. ಫಲಕ ಅದಕ್ಕಾಗಿ. ಗುತ್ತಿಗೆ ಆಳುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಬಹಳ.

ಮರಾಠಿಯಲ್ಲಿ ‘ವೇಠಬಿಗಾರಿ’ ಎಂದು ಆಗಿಹೋಗಿದೆ. ಕನ್ನಡಕ್ಕೆ ನನ್ನ ಮುಂದಿರುವವು ಬಲವಂತದ ದುಡಿಮೆ, ಒತ್ತಾಯದ ದುಡಿಮೆ, ಕಡ್ಡಾಯ ದುಡಿಮೆ, ಬಿಟ್ಟಿ ಚಾಕರಿ, ಜೀತ. ‘ಜೀತ’ ಎಂದರೆ ಕಾರ್ಖಾನೆಯವರು ಬೇಡ ಅನ್ನುತ್ತಾರೆ, ಕಿವಿಗೆ ಕೆಟ್ಟದಾಗಿ ಬೀಳುತ್ತದಂತೆ. ಜೊತೆಗೆ ‘ಸಪ್ಲೈ ಚೈನ್’ಗೂ ಒಂದು ಪದ ಬೇಕು.

ಮಾಟುಂಗಾದಿಂದ:

ಬಲವಂತದ ದುಡಿಮೆ. ಪೂರೈಕೆ ಸರಪಳಿ. ಎರಡೂ ಪತ್ರಿಕೆಗಳಲ್ಲಿ ನೆಲೆ ನಿಂತಿವೆ. ‘ಕಡ್ಡಾಯ’ ಮುಟ್ಟಬೇಡಿ. ಸಂವಿಧಾನದ 23ನೇ ವಿಧಿಯ ಮೊದಲ ಖಂಡ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ, ಎರಡನೆಯದು ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಎರಡನ್ನೂ ಒಂದೇ ಪದದಿಂದ ಕರೆದರೆ ಕಾನೂನೇ ಕೆಡುತ್ತದೆ. ‘ಒತ್ತಾಯ’ ಊಟ ಬಡಿಸುವಾಗ ಮಾಡುವಂಥದ್ದು. ಇಷ್ಟಕ್ಕೆ ಚರ್ಚೆ ಬೇಕಿರಲಿಲ್ಲ.

ಡೊಂಬಿವಲಿಯಿಂದ:

‘ಬಲವಂತ’ ಸಕ್ಕದ, ಎಂದರೆ ಸಂಸ್ಕ್ರುತ. ‘ಜೀತ’ ಸಕ್ಕದದ ‘ಜೀವಿತ’ದ ತದ್ಬವ, ಕಿಟೆಲ್ ನಿಗಂಟು ತೆರೆದು ನೋಡಿ. ‘ಬಿಟ್ಟಿ’ ಬಂದದ್ದು ‘ವಿಶ್ಟಿ’ಯಿಂದ. ‘ಬೇಗಾರ’, ‘ಸರಬರಾಜು’ ಪಾರಸಿ. ಒಂದಾದರೂ ನಮ್ಮ ಬೇರಿನದು ಬೇಡವೇ? ಒತ್ತು, ದುಡಿಮೆ ಎರಡೂ ಕನ್ನಡ. ಒತ್ತುದುಡಿಮೆ ಎನ್ನಿ. ಒದಗು, ಒದಗಿಕೆ, ಸಪ್ಲೈ ಚೈನ್ ಎಂದರೆ ಒದಗಿಕೆಸಾಲು. ‘ಸರಪಳಿ’ ಇಂಗ್ಲಿಶಿನ ‘ಚೈನ್’ ನೋಡಿ ಎಳೆತಂದ ಪದ. ಹೊಸ ಪದ ಕಣ್ಣಿಗೆ ಬಿದ್ದಂತೆಲ್ಲ ಬಳಕೆಗೆ ಬರುತ್ತದೆ, ಯಾರಾದರೂ ಮೊದಲು ಹಾಕಬೇಕು ಅಶ್ಟೆ. ಈ ಪಲಕದಿಂದಲೇ ಶುರುವಾಗಲಿ.

ವಾಸ್ಕೊದಿಂದ:

ಫಲಕ ಓದುವವನು ಯಾರು ಎಂದು ಇಬ್ಬರೂ ಕೇಳಲೇ ಇಲ್ಲ. ಗೋವಾದ ಕಟ್ಟಡ ಕೆಲಸಗಳಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯವರ ನಡುವೆ ವರ್ಷಗಳಿಂದ ಓಡಾಡುತ್ತಿದ್ದೇನೆ, ಅದರ ಮೇಲೆ ಹೇಳುತ್ತೇನೆ. ‘ನಿನ್ನ ಬಲವಂತದಿಂದ ದುಡಿಸ್ಯಾರೇನು?’ ಎಂದು ಕೇಳಿ ನೋಡಿ. ‘ಇಲ್ರಿ, ನಾನ ಬಂದೀನಿ’ ಅನ್ನುತ್ತಾನೆ. ಸುಳ್ಳಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡ, ಬಸ್ಸು ಹತ್ತಿದ, ಬಂದ. ಕೈ ಹಿಡಿದು ಎಳೆದವರಿಲ್ಲ. ‘ಹಂಗಾರ ನಾಳೆ ಊರಿಗೆ ಹೋಗ್ತೀಯೇನು?’ ಎಂದು ಕೇಳಿದಾಗ ಮಾತು ಬೇರೆಯಾಗುತ್ತದೆ. ‘ಮುಂಗಡ ಹರಿದಿಲ್ರಿ’, ‘ಆಧಾರ್ ಕಾರ್ಡ್ ಇಟಗೊಂಡಾನ್ರಿ’, ‘ಪಗಾರ ಹಿಡದಾನ, ಕೇಳಿದ್ರ ದೀಪಾವಳಿಗಿ ಅಂತಾನ.’ ‘ಬಲವಂತ’ ಎಂಬ ಪದ ಈ ಮನುಷ್ಯನ ಕಣ್ಣ ಮುಂದೆ ಇದ್ದರೂ ಅವನಿಗೆ ಅದು ತನ್ನದೆನಿಸುವುದಿಲ್ಲ. ‘ಒತ್ತುದುಡಿಮೆ’ಯಂತೂ ಯಾರದೂ ಅಲ್ಲ. ಹೊಸ ಪದ ರೂಢಿಗೆ ಬರುವವರೆಗೆ ಕಾಯುವ ಜಾಗ ಇದಲ್ಲ, ದೂರು ಕೊಡುವ ನಂಬರು ಬರೆದಿರುವ ಗೋಡೆ.

ಸುಪ್ರೀಂ ಕೋರ್ಟು ಇದನ್ನು ನಮಗಿಂತ ಮೊದಲೇ ಕಂಡಿತ್ತು. ದಿಲ್ಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, 1982ರಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪು ಬಲ ಎಂದರೆ ಬಡಿಗೆಯ ಬಲ ಮಾತ್ರವಲ್ಲ ಎಂದಿತು. ಬೇರೆ ದಾರಿಯೇ ಇಲ್ಲದಂತೆ ಮಾಡುವ ಬಡತನದ ಒತ್ತಡವೂ ಬಲವೇ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು 23ನೇ ವಿಧಿ ನಿಷೇಧಿಸಿದ ದುಡಿಮೆಯೇ. ಕಾನೂನು ಪದವನ್ನು ಅಷ್ಟು ಅಗಲ ಮಾಡಿಟ್ಟಿದೆ. ನಾವು ಬರೆಯುವ ಫಲಕ ಅದನ್ನು ಮತ್ತೆ ಕಿರಿದು ಮಾಡಬಾರದು.

‘ಬಿಟ್ಟಿ’ಯ ಬಗ್ಗೆ ನನಗೆ ಸಿಟ್ಟೇ ಇದೆ. ಕೂಲಿಯಿಲ್ಲದೆ ದುಡಿದವನ ದುಡಿಮೆಗೆ ಇದ್ದ ಪದ, ಶಾಸನಗಳಲ್ಲೂ ಸಿಗುವ ಪದ. ಈಗ ‘ಬಿಟ್ಟಿ ಅಕ್ಕಿ’, ‘ಬಿಟ್ಟಿ ಊಟ’ ಎಂದು ಬಡವನನ್ನೇ ಹಂಗಿಸಲು ಬಳಸುತ್ತೇವೆ. ಹಾಗಾಗಿ ಫಲಕಕ್ಕೆ ಆಗದು, ಯಾರೋ ಏನನ್ನೋ ಪುಕ್ಕಟೆ ಕೊಡುತ್ತಾರೆ ಎಂದು ಓದಿಸುತ್ತದೆ.

ಉಳಿಯುವುದು ಜೀತ. ತೆಲುಗಿನಲ್ಲಿ ‘ಜೀತಂ’ ಇವತ್ತಿಗೂ ಸಂಬಳ. ನಮ್ಮಲ್ಲಿ ಅದೇ ಪದ ಸಾಲಕ್ಕೆ ಕಟ್ಟುಬಿದ್ದ ಆಳಿನ ಪಾಡಾಗಿದೆ. ಕಲಬುರಗಿಯವನಿಗೆ, ಯಾದಗಿರಿಯವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೆಟ್ಟದಾಗಿ ಕೇಳುತ್ತದೆ ಎನ್ನುವ ಕಾರ್ಖಾನೆಯವರಿಗೆ 1976ರ ಜೀತಪದ್ಧತಿ ರದ್ದತಿ ಕಾಯ್ದೆ ತೋರಿಸಿ. ದೇಶದ ನಾನಾ ಕಡೆಯ ಪದ್ಧತಿಗಳನ್ನು ಅವುಗಳ ಊರ ಹೆಸರಿನಿಂದಲೇ ಅದರ ವ್ಯಾಖ್ಯೆಯಲ್ಲಿ ಪಟ್ಟಿ ಮಾಡಿದ್ದಾರೆ. ಕಮಿಯಾ, ಹರಿ, ಪಾಲೇರು, ವೆಟ್ಟಿ, ಅವುಗಳ ನಡುವೆ ನಮ್ಮ ಜೀತವೂ ಇದೆ. ಸಂಸತ್ತು ಬರೆದ ಪದವನ್ನು ಗೋಡೆಗೆ ಬರೆಯಲು ಅಳುಕೇಕೆ?

ಅಂಧೇರಿಯಿಂದ:

ಜೀತ ಇರಲಿ, ಒಂಟಿಯಾಗಿ ಬೇಡ. ವಕೀಲಿಕೆ ಮಾಡುವವನಾಗಿ ಹೇಳುತ್ತಿದ್ದೇನೆ. 1976ರ ಕಾಯ್ದೆಯ ಜೀತಕ್ಕೆ ಮುಂಗಡವೋ, ಸಾಲವೋ, ಹುಟ್ಟಿನಿಂದಲೋ ರೂಢಿಯಿಂದಲೋ ಬಂದ ಕಟ್ಟುಪಾಡೋ ಇರಬೇಕು. ಸಾಲವೇ ಇಲ್ಲದೆ ಕಾಗದಪತ್ರ ಕಿತ್ತಿಟ್ಟುಕೊಂಡು, ಪೊಲೀಸರ ಹೆಸರು ಹೇಳಿ ಹೆದರಿಸಿ ದುಡಿಸಿದರೆ? ಭಾರತ 1954ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 29ನೇ ಒಡಂಬಡಿಕೆ ಅದನ್ನೂ ಹಿಡಿಯುತ್ತದೆ: ದಂಡನೆಯ ಬೆದರಿಕೆಯಿಂದ ಪಡೆದ, ಮನಸ್ಸಾರೆ ಒಪ್ಪದ ಕೆಲಸ ಯಾವುದಾದರೂ ಅದು ಬಲವಂತದ ದುಡಿಮೆಯೇ. ಜರ್ಮನಿಯವರು ಕೇಳುತ್ತಿರುವುದು ಈ ಅಗಲವಾದ ಅರ್ಥವನ್ನು. ‘ಜೀತ’ ಮಾತ್ರ ಹಾಕಿದರೆ ‘ನಾವು ಮುಂಗಡ ಕೊಟ್ಟೇ ಇಲ್ಲ’ ಎಂದು ಗುತ್ತಿಗೆದಾರ ಕೈ ತೊಳೆದುಕೊಳ್ಳುತ್ತಾನೆ.

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ನಮ್ಮ ಕಾಯ್ದೆಯಲ್ಲಿ ಶಿಕ್ಷೆ ಮೂರು ವರ್ಷದವರೆಗೆ ಸೆರೆ, ದಂಡ 2,000 ರೂಪಾಯಿವರೆಗೆ. ಮಾಲು ಕೊಳ್ಳುವ ದೊಡ್ಡ ಕಂಪನಿಯ ಹೊಣೆಯನ್ನು ಅದು ಕೇಳುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿ ದೊಡ್ಡ 1,000 ಪಟ್ಟೀಕೃತ ಕಂಪನಿಗಳಿಂದ ಇಂಥ ಹೊಣೆಗಳ ಬಗ್ಗೆ ವರದಿ ಕೇಳುತ್ತದೆ, ಅದು ಬರೀ ವರದಿ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯೂ ಹೇಳಿಕೆ ಕೇಳಿತೇ ಹೊರತು ಕೆಲಸ ಕೇಳಲಿಲ್ಲ. ‘ನಾವು ಏನೂ ಕ್ರಮ ಕೈಗೊಂಡಿಲ್ಲ’ ಎಂಬ ಹೇಳಿಕೆಯೂ ಅಲ್ಲಿ ನಡೆಯುತ್ತದೆ. ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದ ನಿಯಮ ಹಾಗಲ್ಲ. 2027ರ ಡಿಸೆಂಬರ್ 14ರಿಂದ, ಇಂಥ ದುಡಿಮೆಯಿಂದ ಆದದ್ದೆಂದು ಸಾಬೀತಾದ ಮಾಲನ್ನೇ ಅಲ್ಲಿ ಮಾರುವಂತಿಲ್ಲ. ನಮ್ಮಲ್ಲೂ ಅಂಥದ್ದು ಬರಬೇಕು. ಅಲ್ಲಿಯವರೆಗೆ ಹೊರಗಿನ ಕಾಯ್ದೆಯಿಂದ ಬಂದ ಈ ಫಲಕಗಳೇ ಕೆಲಸಗಾರನ ಕೈಗೆ ಸಿಗುವ ದಾರಿ. ಅವು ಅಸ್ಪಷ್ಟವಾಗಿದ್ದರೆ ಅದೂ ಮುಚ್ಚಿತು.

ಡೊಂಬಿವಲಿಯಿಂದ:

ಕಾನೂನಿನ ಮಾತು ಸರಿ. ಆದರೆ ಪ್ರತಿ ಸಲವೂ ‘ಈಗ ತುರ್ತು’ ಎಂದು ಎರವಲು ಪದ ತಂದು, ಆಮೇಲೆ ‘ರೂಡಿಯಾಗಿದೆ’ ಎಂದು ಬಿಡುವುದಿಲ್ಲ. ಕನ್ನಡಕ್ಕೆ ಪದ ಕಟ್ಟುವ ಕಸುವಿಲ್ಲ ಎಂದು ನಾವೇ ನಂಬಿಸುತ್ತಿದ್ದೇವೆ.

ವಾಸ್ಕೊದಿಂದ:

ಕಸುವು ಇದೆ, ಒಪ್ಪುತ್ತೇನೆ. ‘ಒದಗಿಸುವವರು’ ನಿಮ್ಮಿಂದಲೇ ತೆಗೆದುಕೊಳ್ಳುತ್ತೇನೆ, ಫಲಕದಲ್ಲಿ ಸಪ್ಲೈ ಚೈನ್‌ಗೆ ನಾಮಪದವೇ ಬೇಡ: ‘ಮಾಲು ಒದಗಿಸುವ, ಆಳು ಒದಗಿಸುವ ಎಲ್ಲರಿಗೂ’ ಎಂದರೆ ಮುಗಿಯಿತು. ಆದರೆ ಆಳು ಒದಗಿಸುವವನ ಹೆಸರು ನೋಡಿ. ಇಲ್ಲಿ ಮೇಸ್ತ್ರಿ, ಪೋರ್ಚುಗೀಸರ ಪದ. ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿ ಮುಕಾದಮ, ಅರಬ್ಬಿಯಿಂದ ಬಂದದ್ದು. ಗುತ್ತಿಗೆದಾರನಲ್ಲಿ ಅರ್ಧ ಪಾರಸಿ. ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯುವುದಕ್ಕೆ ಒಂದು ‘ಕೋಯ್ತಾ’ ಎನ್ನುತ್ತಾರೆ, ಅವರು ಹಿಡಿದ ಮುಂಗಡಕ್ಕೆ ‘ಉಚಲ್’. ನಮ್ಮ ಜನ ದುಡಿದದ್ದೆಲ್ಲ ಈ ಪದಗಳ ಕೈಕೆಳಗೆ. ಇವನ್ನು ತೆಗೆದರೆ ದೂರು ಯಾರ ಮೇಲೆ ಎಂಬುದೇ ಹೇಳಲಾಗದು.

ಮಾಟುಂಗಾದಿಂದ:

‘ಮುಂಗಡ’ವಾದರೂ ಅಚ್ಚಕನ್ನಡ. ಕಡ ಎಂದರೆ ಸಾಲ. ಮುನ್ ಸೇರಿದರೆ ಮುಂಗಡ.

ಡೊಂಬಿವಲಿಯಿಂದ:

ಕಡ ಅಲ್ಲ, ಕಡೆ. ಮುಂಗಡೆ.

ಪುಣೆಯಿಂದ:

ಎಲ್ಲರಿಗೂ ಉಪಕಾರವಾಯಿತು. ಕಾರ್ಖಾನೆಯವರಿಗೆ 1976ರ ಕಾಯ್ದೆಯ ಪಟ್ಟಿ ಕಳಿಸಿದೆ, ‘ಜೀತ’ಕ್ಕೆ ಒಪ್ಪಿದರು. ಕಳಿಸುತ್ತಿರುವ ಪಾಠ ಇದು:

‘ಇಲ್ಲಿ ಬಲವಂತದ ದುಡಿಮೆ, ಜೀತ ನಡೆಯಕೂಡದು. ಮುಂಗಡ ತೀರಿಲ್ಲವೆಂದು ಕೆಲಸ ಬಿಡಲು ಬಿಡದಿದ್ದರೆ, ಪಗಾರ ಹಿಡಿದಿಟ್ಟರೆ, ಆಧಾರ್ ಕಾರ್ಡ್, ಬ್ಯಾಂಕ್ ಪುಸ್ತಕ ಕಸಿದಿಟ್ಟರೆ, ಹೆದರಿಸಿ ದುಡಿಸಿದರೆ ಈ ನಂಬರಿಗೆ ಫೋನ್ ಮಾಡಿ. ಕಂಪನಿ, ಗುತ್ತಿಗೆದಾರ, ಮುಕಾದಮ, ಮಾಲು ಒದಗಿಸುವವರು, ಆಳು ಒದಗಿಸುವವರು, ಎಲ್ಲರಿಗೂ ಈ ನಿಯಮ.’

ವಾಸ್ಕೊದಿಂದ:

‘ಫೋನ್ ಮಾಡಿದವರ ಹೆಸರು ಯಾರಿಗೂ ಹೇಳುವುದಿಲ್ಲ, ಕೆಲಸದಿಂದ ತೆಗೆಯುವುದಿಲ್ಲ’ ಎಂದು ನಂಬರಿನ ಮೇಲೆಯೇ ಸೇರಿಸಿ. ದೂರು ಕೊಟ್ಟವರ ಗುರುತು ಕಾಯಬೇಕು, ಅವರಿಗೆ ತೊಂದರೆಯಾಗಬಾರದು ಎಂದು ಆ ಜರ್ಮನಿಯ ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆಯವರು ಜಾಗ ಸಾಲದು ಎಂದರೆ ಅವರ ಲಾಂಛನ ಚಿಕ್ಕದು ಮಾಡಿಸಿ.