ಬೋರ್ಡಿನಿಂದ ಜಾರಿದ ರೆಗ್ಯುಲೇಟರ್: ಸೋಲ್ಡರ್ ಪೇಸ್ಟ್ ಪ್ರಶ್ನೋತ್ತರ

(ಸೋಲ್ಡರ್ ಪೇಸ್ಟ್ ಎಂದರೆ ಬೆಸುಗೆ ಲೋಹದ ಪುಡಿಗೆ, ತಾಮ್ರವನ್ನು ಶುಚಿ ಮಾಡುವ ಫ್ಲಕ್ಸ್ ಬೆರೆಸಿದ ಮುದ್ದೆ. ಗುಂಪಿನಲ್ಲಿ ಕೇಳಿದವರನ್ನು ಊರಿನ ಹೆಸರಿನಿಂದ ಗುರುತಿಸಿದೆ.)

ಮಾಲೂರು: ಸರ್, ಪೇಸ್ಟ್ ಕರಗಿದ ಮೇಲೆ ರೆಸಿಸ್ಟರ್‌ಗಳ ಸುತ್ತ ರಾಗಿ ಕಾಳಿನಂಥ ಗುಂಡುಗಳು ಉಳಿಯುತ್ತಿವೆ. ಫ್ರಿಜ್‌ನಿಂದ ತೆಗೆದ ಕೂಡಲೇ ಹಚ್ಚುತ್ತೇನೆ.

ತಂತ್ರಜ್ಞ, ಕೋಲಾರ: ತಪ್ಪು ಅಲ್ಲೇ ಇದೆ. ತಣ್ಣನೆಯ ಡಬ್ಬಿ ತೆರೆದರೆ ಗಾಳಿಯ ತೇವ ಪೇಸ್ಟಿಗೆ ಸೇರಿ, ಕಾವಿಗೆ ಸಿಡಿಯುತ್ತದೆ. ಮುಚ್ಚಳ ತೆಗೆಯದೆ ನಾಲ್ಕು ಗಂಟೆ ಹೊರಗಿಡಿ.

ಶ್ರೀನಿವಾಸಪುರ: ನಮಸ್ಕಾರ ಸರ್. ಬೋರ್‌ವೆಲ್ ಮೋಟಾರಿನ ಕಂಟ್ರೋಲರ್ ಬೋರ್ಡನ್ನು ಮನೆಯಲ್ಲೇ ಮಾಡಿದೆ. ತಾಮ್ರಕ್ಕೆ 60/40 (ತವರ-ಸೀಸ) ಸೋಲ್ಡರ್ ತಂತಿಯಿಂದ ಲೇಪ ಕೊಟ್ಟು, ಮೇಲೆ 138 ಡಿಗ್ರಿಗೆ ಕರಗುವ ಪೇಸ್ಟ್ ಹಾಕಿದೆ. ತೋಟದಲ್ಲಿ ಮೂರು ವಾರಕ್ಕೆ, ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಜಾರಿ ಬಿದ್ದಿದೆ. ಸುಟ್ಟ ಗುರುತೇ ಇಲ್ಲ.

ಮುಳಬಾಗಿಲು: ಚಿಕ್ಕ ಕೆಪಾಸಿಟರ್‌ಗಳು ಒಂದು ತುದಿಯ ಮೇಲೆ ಎದ್ದು ನಿಲ್ಲುತ್ತವೆ, ಏಕೆ ಸರ್?

ತಂತ್ರಜ್ಞ: ಶ್ರೀನಿವಾಸಪುರದವರೇ, ಇದನ್ನು ಓದಿ ನನಗೆ ಆತಂಕವಾಯಿತು. ಆ ಪೇಸ್ಟಿನಲ್ಲಿ ಇರುವುದು 42 ಭಾಗ ತವರ, 58 ಭಾಗ ಬಿಸ್ಮತ್. ನೀವು ಕೊಟ್ಟ ಲೇಪದಲ್ಲಿ ಸೀಸವಿದೆ. ಮೂರೂ ಬೆರೆತರೆ ಬೆಸುಗೆಯ ಒಂದು ಭಾಗ ಸುಮಾರು 96 ಡಿಗ್ರಿಗೇ ಕರಗುತ್ತದೆ. ನೀರು ಕುದಿಯುವುದಕ್ಕೂ ಮೊದಲು! ಬಿಸಿಲಿನಲ್ಲಿ ಕಬ್ಬಿಣದ ಪೆಟ್ಟಿಗೆ, ಒಳಗೆ ತಾನೇ ಕಾಯುವ ರೆಗ್ಯುಲೇಟರ್. ಬೆಸುಗೆ ಮೆತ್ತಗಾಗಿದೆ, ನೆಟ್ಟಗೆ ನಿಲ್ಲಿಸಿದ ಬೋರ್ಡಿನಿಂದ ಭಾಗ ಜಾರಿದೆ. ಆ ಬೋರ್ಡನ್ನು ರಿಪೇರಿ ಮಾಡಬೇಡಿ, ಬೆಸುಗೆ ಹೀರುವ ತಾಮ್ರದ ಬತ್ತಿಯಿಂದ ತೆಗೆದರೂ ಬಿಸ್ಮತ್ ಪೂರ್ತಿ ಹೋಗುವುದಿಲ್ಲ. ಹೊಸ ಬೋರ್ಡಿನ ತಾಮ್ರವನ್ನು ಉಜ್ಜಿ, ಲೇಪವಿಲ್ಲದೆ 63/37 (ತವರ-ಸೀಸ) ಪೇಸ್ಟ್ ಹಾಕಿ. ಅದು 183ಕ್ಕೆ ಕರಗುತ್ತದೆ. ಕಾವು ಗರಿಷ್ಠ 210ರಿಂದ 220 ಸಾಕು. ಇಂಥ ಬೋರ್ಡು ಬೇರೆ ಯಾರಿಗಾದರೂ ಕೊಟ್ಟಿದ್ದೀರಾ?

ಬಂಗಾರಪೇಟೆ: ಒಣಗಿದ ಪೇಸ್ಟಿಗೆ ನಾಲ್ಕು ಹನಿ ಪೆಟ್ರೋಲ್, ಜೊತೆಗೆ ಪೈಪಿನವರ ಆ್ಯಸಿಡ್ ಫ್ಲಕ್ಸ್ ಬೆರೆಸಿದರೆ ಹೊಸದರಂತಾಗುತ್ತದೆ ಎಂದು ಸಂದೇಶ ಬಂದಿದೆ.

ತಂತ್ರಜ್ಞ: ಪೇಸ್ಟ್ ಕರಗಿಸುವ ಓವನ್‌ನಲ್ಲಿ ಪೆಟ್ರೋಲ್ ಆವಿಗೆ ಬೆಂಕಿ ಹತ್ತುತ್ತದೆ. ಆ್ಯಸಿಡ್ ತಾಮ್ರವನ್ನು ತಿನ್ನುತ್ತದೆ. ಇಂಥದ್ದನ್ನು ಇಲ್ಲಿ ಹಂಚಬೇಡಿ ಎಂದು ಎಷ್ಟು ಸಲ ಹೇಳಲಿ?

ಬಂಗಾರಪೇಟೆ: ಕೇಳಿದ್ದೇ ತಪ್ಪೇ? ಅಡುಗೆಮನೆ ಓವನ್ ಬಳಸುವವರಿಗೆ ಯಾರೂ ಏನೂ ಹೇಳುವುದಿಲ್ಲ.

ಮುಳಬಾಗಿಲು: ನನಗೇ ಹೇಳಿದ್ದಲ್ಲವೇ? ಆಮೇಲೆ ತೊಳೆದೇ ಇಡುತ್ತೇನೆ.

ಬಂಗಾರಪೇಟೆ: ಸೀಸ ಕರಗಿಸಿದ ಓವನ್‌ನಲ್ಲಿ ಮಕ್ಕಳಿಗೆ ಕೇಕ್ ಮಾಡುತ್ತೀರಾ?

ಮುಳಬಾಗಿಲು: ನಮ್ಮ ಮನೆಯ ಮಾತು ನಿಮಗೆ ಬೇಡ.

ತಂತ್ರಜ್ಞ: ಆ ಓವನ್‌ನಲ್ಲಿ ಇನ್ನು ಅಡುಗೆ ಬೇಡ. ಜಗಳ ನಿಲ್ಲಿಸಿ.

ಕೆಜಿಎಫ್: ಬೆಸುಗೆ ಗುಂಡು ಗುಂಡಾಗುತ್ತಿದೆ, ಫ್ರಿಜ್ ಪೇಸ್ಟ್.

ತಂತ್ರಜ್ಞ: ಮೇಲೆ ಓದಿ. ನಾಲ್ಕು ಗಂಟೆ.

ಮುಳಬಾಗಿಲು: ನನ್ನ ಕೆಪಾಸಿಟರ್ ಪ್ರಶ್ನೆ ಹಾಗೇ ಇದೆ.

ಶ್ರೀನಿವಾಸಪುರ: ಇಬ್ಬರಿಗೆ ಕೊಟ್ಟಿದ್ದೇನೆ ಸರ್. ಒಬ್ಬರು ಈಗಲೇ ಕಳಚಿಟ್ಟರು. ರೋಣೂರಿನವರು ಫೋನ್ ಎತ್ತುತ್ತಿಲ್ಲ, ಬೈಕಿನಲ್ಲಿ ಹೊರಟಿದ್ದೇನೆ.

ತಂತ್ರಜ್ಞ: ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಪೆಟ್ಟಿಗೆ ತೆರೆಯಿರಿ. ತಲುಪಿದ ಕೂಡಲೇ ತಿಳಿಸಿ.