ಪದಚರ್ಚೆ: ರೆಪ್ಲಿಕಾಗೆ ‘ನಕಲು’ ಸಾಕಾ? ಬೈನರಿ ಲಾಗ್‌ಗೆ ‘ಕಿರ್ದಿ’ ಎನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ಮೈಎಸ್‌ಕ್ಯೂಎಲ್ ಡೇಟಾಬೇಸ್ ರೆಪ್ಲಿಕೇಶನ್ ಮಾಡುವುದು ಹೇಗೆ ಅಂತ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ರೆಪ್ಲಿಕೇಶನ್ ಅಂದರೆ ಒಂದು ಸರ್ವರ್‌ನ ಡೇಟಾ ಇನ್ನೊಂದು ಸರ್ವರ್‌ನಲ್ಲೂ ಸತತವಾಗಿ ಹಾಗೆಯೇ ಇರುವಂತೆ ನೋಡಿಕೊಳ್ಳುವುದು; ಮೊದಲನೆಯದು ಮೂಲ, ಎರಡನೆಯದು ರೆಪ್ಲಿಕಾ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

‘ರೆಪ್ಲಿಕಾ’ ಎಂದ ಕೂಡಲೇ ಬಾಯಿಗೆ ಬರುವುದು ‘ನಕಲು’. ಪಹಣಿ ನಕಲು, ಆದೇಶದ ನಕಲು ಅಂತ ಕಚೇರಿಗಳಲ್ಲಿ ಕೇಳಿ ಅಭ್ಯಾಸವಿದೆ, ಸರಿ. ಆದರೆ ‘ನಕಲಿ’ ಪಕ್ಕದಲ್ಲೇ ಕೂತಿದೆಯಲ್ಲ! ಅದನ್ನಾದರೂ ಸಹಿಸಬಹುದು. ನಿಜವಾದ ತೊಡಕು ಬೇರೆ. ನಕಲು ಒಮ್ಮೆ ತೆಗೆದರೆ ಮುಗಿಯಿತು. ಮೈಎಸ್‌ಕ್ಯೂಎಲ್‌ಡಂಪ್ ಎಂಬ ಕಮಾಂಡ್ ಮಾಡುವುದು ಆ ಕೆಲಸವನ್ನೇ. ಆ ಹೊತ್ತಿಗೆ ಡೇಟಾ ಹೇಗಿತ್ತೋ ಹಾಗೆ ಒಂದು ಫೈಲಿಗೆ ಇಳಿಸಿ ಕೊಡುತ್ತದೆ. ರೆಪ್ಲಿಕಾ ಹಾಗಲ್ಲ, ಅದು ಮೂಲದ ಹಿಂದೆಯೇ ಬರುತ್ತಿರುತ್ತದೆ.

‘ಮೀಸಲು ಪ್ರತಿ’ ಅಂತೂ ಬೇಡವೇ ಬೇಡ. ಮೂಲದಲ್ಲಿ ಯಾರಾದರೂ ಕೈತಪ್ಪಿ ಡ್ರಾಪ್ ಟೇಬಲ್ (ಟೇಬಲ್ ಅಳಿಸುವ ಕಮಾಂಡ್) ಕೊಟ್ಟರೆ ಸ್ವಲ್ಪ ಹೊತ್ತಿಗೆಲ್ಲ ರೆಪ್ಲಿಕಾದಲ್ಲೂ ಆ ಟೇಬಲ್ ಮಾಯ. ಬ್ಯಾಕಪ್ ಇದೆಯಲ್ಲ ಅಂತ ಸುಮ್ನೆ ಕೂತವರಿಗೆ ಆಗ ಗೊತ್ತಾಗುತ್ತದೆ.

ಹೀಗೆ ಯೋಚಿಸುವಾಗ ಅಂಗಡಿಯ ಲೆಕ್ಕ ನೆನಪಾಯಿತು. ನಡೆದ ವ್ಯವಹಾರವನ್ನೆಲ್ಲ ಸಾಲಾಗಿ ಕಿರ್ದಿಯಲ್ಲಿ ಬರೆಯುತ್ತಾರೆ, ಆಮೇಲೆ ಖಾತೆಗೆ ಏರಿಸುತ್ತಾರೆ. ಮೈಎಸ್‌ಕ್ಯೂಎಲ್‌ನ ಬೈನರಿ ಲಾಗ್ ಹೆಚ್ಚುಕಡಿಮೆ ಕಿರ್ದಿಯೇ. ಮೂಲ ಸರ್ವರ್‌ನಲ್ಲಿ ಆದ ಬದಲಾವಣೆಗಳು ಅದರಲ್ಲಿ ಸಾಲಾಗಿ ದಾಖಲಾಗುತ್ತವೆ. ರೆಪ್ಲಿಕಾದ ಒಂದು ಥ್ರೆಡ್ (ಸರ್ವರ್ ಒಳಗೇ ಬೇರೆಯಾಗಿ ನಡೆಯುವ ಕೆಲಸದ ಎಳೆ) ಅದನ್ನು ತರಿಸಿಕೊಂಡು ರಿಲೇ ಲಾಗ್‌ನಲ್ಲಿ ಬರೆದಿಡುತ್ತದೆ. ಇನ್ನೊಂದು ಥ್ರೆಡ್ ಅದನ್ನು ಓದಿ ತನ್ನ ಟೇಬಲ್‌ಗಳಿಗೆ ಏರಿಸುತ್ತದೆ. ಹಾಗಾಗಿ ಬೈನರಿ ಲಾಗ್‌ಗೆ ‘ಕಿರ್ದಿ’, ರಿಲೇ ಲಾಗ್‌ಗೆ ‘ತಂದ ಕಿರ್ದಿ’, ಅಪ್ಲೈ ಮಾಡುವುದಕ್ಕೆ ‘ಏರಿಸು’ ಎಂದರೆ ಹೇಗೆ? ಡಂಪ್ ತೆಗೆಯುವಾಗ ಸೋರ್ಸ್-ಡೇಟಾ ಆಯ್ಕೆ ಕೊಡುತ್ತೇವಲ್ಲ, ಅದನ್ನೂ ‘ಕಿರ್ದಿಯ ಯಾವ ಸಾಲಿನಿಂದ ಮುಂದುವರಿಯಬೇಕು ಅಂತ ಗುರುತು ಹಾಕಿಕೊಡುತ್ತದೆ’ ಎಂದು ಸಲೀಸಾಗಿ ಹೇಳಬಹುದು. ಕಿರ್ದಿ ಎಂಬ ಪದವೇ ಈಗಿನ ಹುಡುಗರಿಗೆ ಗೊತ್ತಿಲ್ಲ ಅಂತ ನೀವು ಹೇಳಬಹುದು. ಬೈನರಿ ಲಾಗ್ ಮಾತ್ರ ಹುಟ್ಟುವಾಗಲೇ ಗೊತ್ತಿತ್ತಾ?

ಸೋರ್ಸ್–ರೆಪ್ಲಿಕಾ ಜೋಡಿಗೆ ‘ಮೂಲ’ ಮತ್ತು ‘ಪಡಿಯಚ್ಚು’ ಇಟ್ಟುಕೊಂಡಿದ್ದೇನೆ. ಹಳೆಯ ಮಾಸ್ಟರ್–ಸ್ಲೇವ್ ಜೋಡಿಯನ್ನು ಕನ್ನಡಕ್ಕೆ ತರುವ ಕಷ್ಟ ಈಗಿಲ್ಲ. ಮೈಎಸ್‌ಕ್ಯೂಎಲ್‌ನವರೇ 2020ರಲ್ಲಿ ಸೋರ್ಸ್–ರೆಪ್ಲಿಕಾ ಕಡೆ ಹೊರಳಿದರು. 2024ರ 8.4 ಆವೃತ್ತಿಯಲ್ಲಿ ರೆಪ್ಲಿಕೇಶನ್ ಶುರುಮಾಡಲು ‘ಸ್ಟಾರ್ಟ್ ಸ್ಲೇವ್’ ಕೊಟ್ಟರೆ ಎರರ್ ಬರುತ್ತದೆ, ‘ಸ್ಟಾರ್ಟ್ ರೆಪ್ಲಿಕಾ’ ಎಂದೇ ಕೊಡಬೇಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ‘ಸ್ಟ್ಯಾಂಡ್‌ಬೈ’ ಎಂಬ ಮಾತೇ ಜಾಸ್ತಿ. ಅದಕ್ಕೆ ಬೇರೆ ಪದ ಬೇಕಾಗುತ್ತದೆ, ಈಗ ಅದು ಬೇಡ.

ಕಮಾಂಡ್‌ಗಳನ್ನು ಮುಟ್ಟುವುದಿಲ್ಲ, ವಿವರಣೆ ಮಾತ್ರ ಕನ್ನಡದಲ್ಲಿ.

ಇನ್ನು ‘ಲ್ಯಾಗ್’, ಅಂದರೆ ರೆಪ್ಲಿಕಾ ಮೂಲಕ್ಕಿಂತ ಎಷ್ಟು ಹಿಂದಿದೆ ಎಂಬುದು. ಸ್ಟೇಟಸ್ ನೋಡಿದರೆ ‘ಸೆಕೆಂಡ್ಸ್ ಬಿಹೈಂಡ್ ಸೋರ್ಸ್’ ಅಂತ ಒಂದು ಸಂಖ್ಯೆ ಕಾಣುತ್ತದೆ. ‘ಹಿಂದುಳಿಕೆ’ ಎಂದರೆ ಸರ್ಕಾರಿ ವರದಿಯ ವಾಸನೆ. ‘ವಿಳಂಬ’ ರೈಲು ನಿಲ್ದಾಣದ್ದು. ‘ಪಡಿಯಚ್ಚು 12 ಸೆಕೆಂಡು ಹಿಂದಿದೆ’ ಎಂದು ವಾಕ್ಯದಲ್ಲಿ ಹೇಳಿದರೆ ಯಾವ ತೊಂದರೆಯೂ ಇಲ್ಲ. ಆದರೆ ಟೇಬಲ್‌ನ ತಲೆಪಟ್ಟಿಗೆ ಒಂದೇ ನಾಮಪದ ಬೇಕು. ಅಲ್ಲಿ ಏನು ಹಾಕಲಿ? ಬ್ಯಾಂಕು, ಸಹಕಾರ ಸಂಘಗಳ ಲೆಕ್ಕ ಬರೆದವರು ಇಲ್ಲಿ ಇದ್ದರೆ ಇನ್ನೊಂದು ಮಾತು: ಕಿರ್ದಿಯಲ್ಲಿ ಬರೆದು ಇನ್ನೂ ಖಾತೆಗೆ ಏರಿಸದೆ ಉಳಿದ ಬಾಬ್ತಿಗೆ ನಿಮ್ಮ ಕಡೆ ಏನಂತೀರಿ?