ವಿಲ್ಸನ್ ಕಾಯಿಲೆಗೆ ತಾಮ್ರ ಹಿಡಿಯುವ ಪಾಲಿಮರ್: ಈ 98% ನಂಬಬಹುದೇ?

ಪ್ರಶ್ನೆ
ವಿಲ್ಸನ್ ಕಾಯಿಲೆಯಲ್ಲಿ ದೇಹದೊಳಗೆ ತಾಮ್ರ ಕೂಡಿಕೊಳ್ಳುತ್ತದಲ್ಲ, ಅದಕ್ಕೆಂದು ಕೈಟೋಸನ್ (ಸೀಗಡಿ ಚಿಪ್ಪಿನಿಂದ ಮಾಡುವ ಪಾಲಿಮರ್) ಮಣಿಗಳನ್ನು ಗ್ಲುಟರಾಲ್ಡಿಹೈಡ್‌ನಿಂದ ಕ್ರಾಸ್‌ಲಿಂಕ್ ಮಾಡಿದ್ದು, ಅಂದರೆ ಎಳೆಗಳನ್ನು ಒಂದಕ್ಕೊಂದು ಕಟ್ಟಿದ್ದು. ಕಿಡ್ನಿ ರೋಗಿಗಳಿಗೆ ಕೊಡುವ ಸೆವೆಲಾಮರ್ ಫಾಸ್ಫೇಟನ್ನು ಹಿಡಿಯುವಂತೆ ಇವು ಕರುಳಲ್ಲೇ ತಾಮ್ರ ಹಿಡಿದು ಮಲದಲ್ಲಿ ಹೋಗಬೇಕು, ರಕ್ತಕ್ಕೆ ಸೇರಬಾರದು. ಲೀಟರಿಗೆ 100 ಮಿ.ಗ್ರಾಂ ತಾಮ್ರವಿರುವ 50 ಮಿ.ಲೀ. ದ್ರಾವಣ, ಪಿಎಚ್ 6.8 ಫಾಸ್ಫೇಟ್ ಬಫರ್, 100 ಮಿ.ಗ್ರಾಂ ಮಣಿ, ಶೇಕರ್‌ನಲ್ಲಿ 2 ಗಂಟೆ. 98% ತಾಮ್ರ ಮಾಯ! ಪಿಎಚ್ 1.2ರಲ್ಲಿ ಮಾತ್ರ ಹತ್ತಿರಹತ್ತಿರ ಸೊನ್ನೆ. ಎಲ್ಲಿ ತಪ್ಪಿದೆ?

ಉತ್ತರ 1
ಸೊನ್ನೆ ಬಂದದ್ದು ಸರಿಯಾಗೇ ಇದೆ, ಅನುಮಾನ ಇರುವುದು 98ರ ಮೇಲೆ. ಪಿಎಚ್ 1.2ರಲ್ಲಿ ಕೈಟೋಸನ್‌ನ ಅಮೈನ್‌ಗಳೆಲ್ಲ (ತಾಮ್ರ ಹಿಡಿಯುವ ಸಾರಜನಕದ ಗುಂಪುಗಳು) ಪ್ರೋಟಾನ್ ಹೊತ್ತು ಕೂತಿರುತ್ತವೆ, ತಾಮ್ರಕ್ಕೆ ಕೊಡಲು ಇಲೆಕ್ಟ್ರಾನ್ ಜೋಡಿ ಉಳಿದಿರುವುದಿಲ್ಲ. 6.8ರ ಫಾಸ್ಫೇಟ್‌ನಲ್ಲಾದರೋ ತಾಮ್ರ ತಾನಾಗಿಯೇ ಗಷ್ಟಾಗಿ ಕೂರುತ್ತದೆ. ಮಣಿ ಹಾಕದ ಫ್ಲಾಸ್ಕ್ ಒಂದನ್ನು ಪಕ್ಕದಲ್ಲೇ ಶೇಕ್ ಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಫಿಲ್ಟರ್ ಮೇಲೆ ತಿಳಿನೀಲಿ ಪುಡಿ ಉಳಿದರೆ ನಿಮ್ಮ 98%ರ ದೊಡ್ಡ ಪಾಲು ಅದೇ.

ಫಾಸ್ಫೇಟ್ ಬದಲು ಟ್ರಿಸ್ ಬಫರ್ ಕೂಡ ಬೇಡ, ಅದೇ ತಾಮ್ರ ಹಿಡಿಯುತ್ತದೆ. ತಾಮ್ರವನ್ನು ಅಷ್ಟಾಗಿ ಹಿಡಿಯದ ಎಂಇಎಸ್ ಬಫರ್, ಪಿಎಚ್ 6 ತೆಗೆದುಕೊಳ್ಳಿ. ಕೊನೆಗೆ ಮಣಿಗಳನ್ನು ತೊಳೆದು 0.1 ಮೋಲಾರ್ ಇಡಿಟಿಎಯಲ್ಲಿ (ಲೋಹವನ್ನು ಬಿಗಿಯಾಗಿ ಹಿಡಿಯುವ ರಾಸಾಯನಿಕ) ತಾಮ್ರ ಬಿಡಿಸಿ ಅಳೆಯಿರಿ. ದ್ರಾವಣದಲ್ಲಿ ಕಮ್ಮಿಯಾದದ್ದೂ ಮಣಿಯಿಂದ ಬಂದದ್ದೂ ತಾಳೆಯಾಗಬೇಕು.

ಮಣಿ ಮೊದಲು 2 ಗಂಟೆ ಆಮ್ಲದಲ್ಲಿರಲಿ, ಆಮೇಲೆ ಅದೇ ಮಣಿಗೆ ಪಿಎಚ್ ಏರಿಸಿ. ಹೊಟ್ಟೆಯಲ್ಲಿ ಆಗುವುದೂ ಹಾಗೇ. ಕ್ರಾಸ್‌ಲಿಂಕ್ ಸಾಲದಿದ್ದರೆ ಆಮ್ಲದಲ್ಲೇ ಲೋಳೆಯಾಗುತ್ತದೆ. ಜಾಸ್ತಿಯಾದರೆ ಗ್ಲುಟರಾಲ್ಡಿಹೈಡ್ ನಿಮಗೆ ಬೇಕಾದ ಅಮೈನನ್ನೇ ತಿಂದುಹಾಕುತ್ತದೆ.

ಉತ್ತರ 2
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ: ತಾಮ್ರ ಲೀಟರಿಗೆ 100 ಮಿ.ಗ್ರಾಂ ಯಾಕೆ? ದಿನದ ಊಟದಲ್ಲಿ ಬರುವ ತಾಮ್ರ 1ರಿಂದ 2 ಮಿ.ಗ್ರಾಂ. 2 ಮಿ.ಗ್ರಾಂ ಅಂದರೆ 31 ಮೈಕ್ರೋಮೋಲ್. ಗ್ರಾಂಗೆ 1 ಮಿಲಿಮೋಲ್ ಹಿಡಿಯುವ ಪಾಲಿಮರ್ ಆದರೆ ಒಂದು ಗ್ರಾಂನಲ್ಲೇ 63 ಮಿ.ಗ್ರಾಂ ತಾಮ್ರಕ್ಕೆ ಜಾಗ ಇದೆ. ಹಾಗಾಗಿ ಜಾಗದ ಚಿಂತೆ ಬಿಡಿ. ಲೀಟರಿಗೆ 1 ಮಿ.ಗ್ರಾಂ ಇರುವಾಗ ಎಷ್ಟು ಬೇಗ, ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದೇ ಪರೀಕ್ಷೆ. ನೀರು ಸೇರಿದ ಕಾಪರ್ ಸಲ್ಫೇಟ್ 393 ಮಿ.ಗ್ರಾಂ ಲೀಟರಿಗೆ ಕರಗಿಸಿದರೆ 100ರ ಸ್ಟಾಕ್. ಅದರ 10 ಮಿ.ಲೀ. ತೆಗೆದು ಲೀಟರ್ ಮಾಡಿ. ಎಎಎಸ್‌ನಲ್ಲಿ (ಬೆಳಕು ಹೀರುವುದನ್ನು ನೋಡಿ ಲೋಹ ಅಳೆಯುವ ಯಂತ್ರ) 324.8 ನ್ಯಾನೋಮೀಟರ್‌ಗೆ ಆರಾಮಾಗಿ ಓದಬಹುದು.

ಸತು, ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೇ ಇರಲಿ, ಜೊತೆಗೆ ತಾಮ್ರಕ್ಕೆ ಅಂಟುವ ಅಮೈನೋ ಆಮ್ಲ ಹಿಸ್ಟಿಡಿನ್ ಕೂಡ. ಕರುಳಲ್ಲಿ ತಾಮ್ರ ಬರಿಗೈಯಲ್ಲಿ ಓಡಾಡುವುದಿಲ್ಲ. ಮಣಿಗೆ 8-ಹೈಡ್ರಾಕ್ಸಿಕ್ವಿನೊಲಿನ್ (ಲೋಹ ಹಿಡಿಯುವ ಅಣು) ಅಂಟಿಸಿದರೆ ಪಿಎಚ್ 3ರ ಆಸುಪಾಸಲ್ಲೂ ಹಿಡಿತ ಸಿಗುತ್ತದೆ, ಆದರೆ ಕಬ್ಬಿಣವನ್ನೂ ಬಿಡುವುದಿಲ್ಲ.

ಉತ್ತರ 3
ಇದನ್ನು ಓದುವ ರೋಗಿಗಳ ಮನೆಯವರಿಗೆ: ಇದು ಇನ್ನೂ ಲ್ಯಾಬ್‌ನ ಮಾತು. ಪೆನಿಸಿಲಮೈನ್, ಟ್ರಿಯೆಂಟಿನ್, ಸತು ಯಾವುದನ್ನೂ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಲಿವರ್ ಕೈಕೊಡಬಹುದು. ಕರುಳಲ್ಲೇ ಉಳಿಯುವ ಪಾಲಿಮರ್ ಲಿವರ್‌ನಲ್ಲಿ ಆಗಲೇ ಕೂಡಿರುವ ತಾಮ್ರವನ್ನು ನೇರವಾಗಿ ಕೀಳಲಾರದು. ಸತುವಿನ ಹಾಗೆ, ಹೊಸದು ಒಳಬರದಂತೆ ತಡೆಯುವುದಷ್ಟೇ.

ಪ್ರಶ್ನೆ ಕೇಳಿದವರಿಗೆ: ಸತುವಿನ ಮಾತ್ರೆ ಜೊತೆಗೇ ಕೊಟ್ಟರೆ ನಿಮ್ಮ ಮಣಿ ಅದನ್ನೂ ಹಿಡಿಯಬಹುದು. ಒಂದು ಡೋಸ್‌ಗೆ 50 ಮಿ.ಗ್ರಾಂ ಸತು, ತಾಮ್ರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮಿಶ್ರಣದಲ್ಲಿ ಆ ಅನುಪಾತವನ್ನೂ ಇಟ್ಟು ನೋಡಿ.